ಮೆಣಸಿನ ಬಳ್ಳಿ ರಾತ್ರೋರಾತ್ರಿ ಸಾಯುವುದಿಲ್ಲ

ಪ್ರಶ್ನೆ: ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ಐದು ಎಕರೆ ರೋಬಸ್ಟಾ ಕಾಫಿ ತೋಟ. ಸಿಲ್ವರ್ ಓಕ್ ಮರಗಳಿಗೆ ಪಣಿಯೂರು-1 ತಳಿಯ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಬಳ್ಳಿಗೆ ಹನ್ನೆರಡು ವರ್ಷ. ಕಳೆದ ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ತೋಡಿನ (ಸಣ್ಣ ಹಳ್ಳದ) ಪಕ್ಕದ ನಲವತ್ತು ಬಳ್ಳಿಗಳು ಹದಿನೈದೇ ದಿನದಲ್ಲಿ ಎಲೆ ಉದುರಿಸಿ ಸತ್ತವು. ಅಂಗಡಿಯಲ್ಲಿ ಕೇಳಿ ಕಾರ್ಬೆಂಡಜಿಮ್ ಹುಯ್ದೆವು. ಆಮೇಲೆ ಕಾಪರ್ ಆಕ್ಸಿಕ್ಲೋರೈಡ್, ಮೂರು ದಿನ ಬಿಟ್ಟು ಟ್ರೈಕೋಡರ್ಮಾ. ಏನೂ ಪ್ರಯೋಜನ ಆಗಲಿಲ್ಲ. ಜನವರಿಯಿಂದ ಮೇಲಿನ ಬ್ಲಾಕಿನಲ್ಲೂ ಕೆಲವು ಬಳ್ಳಿಗಳು ಹಳದಿಯಾಗುತ್ತಿವೆ. ಗದ್ದೆಗೆ ಹಾಕಿದ್ದ ಶುಂಠಿಯೂ ಕೊಳೆತು ಹೋಯಿತು. ಎಲ್ಲದಕ್ಕೂ ಒಂದೇ ಶಿಲೀಂಧ್ರ ಕಾರಣವಾ? ಯಾವ ಔಷಧಿ ಸರಿ? ಬರುವ ಜೂನಿನಲ್ಲಿ ಅದೇ ಗುಂಡಿಗಳಿಗೆ ಹೊಸ ಬಳ್ಳಿ ನೆಡಬಹುದಾ? ಕಾಫಿಗೂ ಇದು ಹತ್ತುತ್ತದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಒಂದು ಚಿಂತೆಯಾದರೂ ಕಡಿಮೆಯಾಗಲಿ. ತೋಡಿನ ಪಕ್ಕದ ನಿಮ್ಮ ಮೆಣಸಿಗೆ ಬಂದ ರೋಗ ಕಾಫಿ ಗಿಡಕ್ಕೆ ಹತ್ತುವುದಿಲ್ಲ. ಕಾಫಿಯ ಬೇರುರೋಗಗಳು ಬೇರೆಯೇ ಇವೆ, ಅದಕ್ಕೆ ಆಮೇಲೆ ಬರೋಣ.

ನೀವು ಬರೆದದ್ದನ್ನು ಎರಡು ಸಲ ಓದಿದೆ. ತೋಡಿನ ಪಕ್ಕದ ಬಳ್ಳಿಯದ್ದು ಒಂದು ರೋಗ. ಮೇಲಿನ ಬ್ಲಾಕಿನದ್ದು ಬಹುಶಃ ಇನ್ನೊಂದು. ಗದ್ದೆಯ ಶುಂಠಿಯದ್ದು ಮತ್ತೊಂದು. ಮೂರೂ ಮಣ್ಣಿನಿಂದಲೇ ಬಂದವು, ಆದರೆ ಮೂರಕ್ಕೂ ಒಂದೇ ಡ್ರಮ್ಮಿನ ಔಷಧಿ ನಾಟುವುದಿಲ್ಲ. ಯಾವ ರೋಗ ಅಂತ ನೋಡದೆ ಔಷಧಿ ಹುಯ್ದದ್ದರಿಂದಲೇ ಕಳೆದ ವರ್ಷದ ದುಡ್ಡು ನೀರಿಗೆ ಹೋಯಿತು.

ತೋಡಿನ ಪಕ್ಕದ ನಲವತ್ತು ಬಳ್ಳಿಗಳಿಗೆ ಬಂದದ್ದು ಶೀಘ್ರ ಸೊರಗು ರೋಗ. ನಮ್ಮ ತೋಟಗಳಲ್ಲಿ ಎಲ್ಲರೂ ಕ್ವಿಕ್ ವಿಲ್ಟ್ ಅಂತಲೇ ಕರೆಯುವುದು. ಕಾರಣ ಫೈಟಾಫ್ತೊರಾ ಕ್ಯಾಪ್ಸಿಸಿ ಎಂಬ ಜೀವಿ. ಫೈಟಾಫ್ತೊರಾ ಅಂದರೆ ಗ್ರೀಕ್ ಭಾಷೆಯಲ್ಲಿ 'ಗಿಡ ನಾಶ ಮಾಡುವುದು' ಎಂದರ್ಥ. 1840ರ ದಶಕದಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನೆಲ್ಲ ಕೊಳೆಸಿ ಬರಗಾಲ ತಂದದ್ದು ಇದರ ಅಣ್ಣ. ನಮ್ಮ ಅಡಿಕೆಗೆ ಬರುವ ಕೊಳೆರೋಗದ್ದೂ ಇದೇ ಕುಲ, ಏಲಕ್ಕಿ ಕಾಯಿ ಕೊಳೆಯುವುದಕ್ಕೂ ಇದರ ಬಳಗವೇ ಕಾರಣ. ಕಾಫಿಯಲ್ಲಿ ನಾವು ಕೊಳೆರೋಗ ಅನ್ನುವುದು ಮಾತ್ರ ಈ ಕುಲದ್ದಲ್ಲ, ಅದು ಎಲೆ ಮತ್ತು ಕಾಯಿಯ ಮೇಲೆ ನೂಲಿನಂತೆ ಹಬ್ಬುವ ಬೇರೊಂದು ಶಿಲೀಂಧ್ರ. ಕೊಳೆತದ್ದಕ್ಕೆಲ್ಲ ಕೊಳೆರೋಗ ಅಂತ ಒಂದೇ ಹೆಸರಿಟ್ಟು ನಾವೇ ಗೊಂದಲ ಮಾಡಿಕೊಂಡಿದ್ದೇವೆ.

ಈಗ ಅಸಲು ವಿಷಯ. ಫೈಟಾಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ. ನೋಡಲು ಹಾಗೆ ಕಂಡರೂ ಇದು ನೀರಿನ ಪಾಚಿಗಳಿಗೆ ಹತ್ತಿರದ ಸಂಬಂಧಿ. ಮಳೆಗಾಲದಲ್ಲಿ ಇದು ಬಿಡುಗಡೆ ಮಾಡುವ ಬೀಜಾಣುಗಳಿಗೆ ಎರಡೆರಡು ಬಾಲ ಇರುತ್ತವೆ. ಮಣ್ಣಿನ ಕಣಗಳ ನಡುವೆ ನಿಂತ ನೀರಿನಲ್ಲಿ ಅವು ಈಜುತ್ತವೆ. ಬೇರಿನ ತುದಿಯಿಂದ ಒಸರುವ ರಸದ ಜಾಡು ಹಿಡಿದು ಬೇರಿನ ಕಡೆಗೇ ಈಜಿ ಹೋಗಿ ಅಂಟಿಕೊಳ್ಳುತ್ತವೆ. ಲ್ಯಾಬಿನಲ್ಲಿ ನಾವು ರೋಗದ ಮಣ್ಣನ್ನು ನೀರಿನಲ್ಲಿ ಕದಡಿ, ಮೇಲೆ ಹಸಿ ಎಲೆಯ ಚೂರುಗಳನ್ನು ತೇಲಿಬಿಡುತ್ತೇವೆ. ಮೀನಿಗೆ ಗಾಳ ಹಾಕಿದ ಹಾಗೆ. ಎರಡು ಮೂರು ದಿನದಲ್ಲಿ ಎಲೆಯ ಅಂಚು ಕಂದಾಗಿ ನೀರು ಕುಡಿದಂತೆ ಆಗುತ್ತದೆ. ಸೂಕ್ಷ್ಮದರ್ಶಕದಡಿ ಇಟ್ಟರೆ ನಿಂಬೆಕಾಯಿ ಆಕಾರದ ಸಣ್ಣ ಚೀಲಗಳು ಕಾಣುತ್ತವೆ. ಈಜುವ ಬೀಜಾಣುಗಳು ಆ ಚೀಲದಿಂದಲೇ ಹೊರಬೀಳುವುದು.

ಇಷ್ಟು ವಿವರ ಯಾಕೆ ಹೇಳಿದೆ ಅಂದರೆ, ನಿಮ್ಮ ಕಾರ್ಬೆಂಡಜಿಮ್ ಯಾಕೆ ಕೆಲಸ ಮಾಡಲಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲಿದೆ. ಕಾರ್ಬೆಂಡಜಿಮ್ ನಿಜವಾದ ಶಿಲೀಂಧ್ರಗಳಿಗೆ ಒಳ್ಳೆಯ ಔಷಧಿ. ಫೈಟಾಫ್ತೊರಾ, ಅದರ ಸಂಬಂಧಿಯಾದ ಪಿಥಿಯಂ ಜಾತಿಯವಕ್ಕೆ ಅದು ತಾಗುವುದೇ ಇಲ್ಲ. ಎಷ್ಟು ಹುಯ್ದರೂ ಅಷ್ಟೇ. ಅಂಗಡಿಯವರನ್ನು ದೂರಿ ಏನು ಮಾಡುವುದು, ನೀವೂ 'ಕೊಳೆಗೆ ಏನಾದರೂ ಕೊಡಿ' ಅಂತ ಕೇಳಿರುತ್ತೀರಿ ಅಲ್ವಾ?

ಇನ್ನು 'ಹದಿನೈದೇ ದಿನದಲ್ಲಿ ಸತ್ತವು' ಎಂದು ಬರೆದಿದ್ದೀರಿ. ನಿಮಗೆ ಕಂಡದ್ದು ಹದಿನೈದು ದಿನ. ಬಳ್ಳಿಗೆ ರೋಗ ಹತ್ತಿದ್ದು ಅದಕ್ಕಿಂತ ಎಷ್ಟೋ ಮೊದಲು, ಜೂನಿನ ಮೊದಲ ಜೋರು ಮಳೆಯಲ್ಲೇ ಇರಬಹುದು. ಕೆಲವು ಬಳ್ಳಿಗಳಿಗೆ ಹಿಂದಿನ ವರ್ಷವೇ ಹತ್ತಿದ್ದರೂ ಆಶ್ಚರ್ಯವಿಲ್ಲ. ಮೊದಲು ಸಣ್ಣ ಬೇರು ಕೊಳೆಯುತ್ತದೆ. ಮಳೆಗಾಲದಲ್ಲಿ ಮಣ್ಣು ಒದ್ದೆ, ಗಾಳಿ ಒದ್ದೆ, ಬಿಸಿಲಿಲ್ಲ. ಅರ್ಧ ಬೇರು ಹೋದರೂ ಬಳ್ಳಿಗೆ ಬಾಯಾರಿಕೆ ಆಗುವುದಿಲ್ಲ, ಹಸಿರಾಗಿಯೇ ನಿಂತಿರುತ್ತದೆ. ಕೊಳೆ ಬೇರಿನಿಂದ ಬುಡಕ್ಕೆ ಏರಿ ಕಾಂಡವನ್ನು ಸುತ್ತುವರಿದಾಗ ಎಲೆ ಒಮ್ಮೆಗೇ ಜೋತು ಬೀಳುತ್ತದೆ. ಆಗ ನಾವು ಔಷಧಿ ಹುಡುಕಿಕೊಂಡು ಓಡುತ್ತೇವೆ.

ಬರುವ ಮಳೆಗಾಲದಲ್ಲಿ ಇದನ್ನು ನೀವೇ ಕಣ್ಣಾರೆ ನೋಡಬಹುದು. ಜುಲೈ ಕೊನೆಗೆ ಒಂದು ದಿನ ಸಣ್ಣ ಚೂರಿ ಹಿಡಿದು ತೋಟಕ್ಕೆ ಇಳಿಯಿರಿ. ಮೊದಲು ಬುಡದ ಕೆಳಗಿನ ಎಲೆಗಳನ್ನು ತಿರುಗಿಸಿ ನೋಡಿ. ಮಣ್ಣು ಸಿಡಿದು ಅಂಟಿದ ಎಲೆಗಳಲ್ಲಿ ಕಪ್ಪು ಮಚ್ಚೆ ಇದ್ದು, ಮಚ್ಚೆಯ ಅಂಚು ಹತ್ತಿ ಬಿಡಿಸಿದಂತೆ ನಾರುನಾರಾಗಿ ಹರಡಿದ್ದರೆ ಅದು ಇದೇ ರೋಗ. ಆಮೇಲೆ ನೆಲದ ಮೇಲೆ ಹರಿದಾಡುವ ಹಬ್ಬು ಬಳ್ಳಿಗಳನ್ನು ನೋಡಿ. ಅವುಗಳ ಎಳೆ ತುದಿ ಕಪ್ಪಾಗಿ ಮೆತ್ತಗಾಗಿರುತ್ತದೆ. ಕೊನೆಗೆ ಬುಡದ ಮಣ್ಣನ್ನು ಕೈಯಿಂದ ಒಂದೆರಡು ಇಂಚು ಸರಿಸಿ ಕಾಂಡದ ತೊಗಟೆಯನ್ನು ಉಗುರಿನಷ್ಟು ಕೆರೆಯಿರಿ. ಒಳಗೆ ಹಸಿರು ಬಿಳಿ ಇದ್ದರೆ ಬಳ್ಳಿ ಕ್ಷೇಮ. ಕಂದು ಕಪ್ಪಾಗಿ, ಲೋಳೆ ಲೋಳೆಯಾಗಿ, ಒಂಥರಾ ಕೊಳೆತ ವಾಸನೆ ಹೊಡೆದರೆ ಮೇಲೆ ಎಷ್ಟೇ ಹಸಿರಿದ್ದರೂ ಆ ಬಳ್ಳಿಯ ಕಥೆ ಮುಗಿದಿದೆ. ಅದಕ್ಕೆ ಇನ್ನು ಔಷಧಿ ಖರ್ಚು ಮಾಡಬೇಡಿ. ಅದರ ಸುತ್ತಲಿನ ಬಳ್ಳಿಗಳನ್ನು ಉಳಿಸಿಕೊಳ್ಳಿ. ಚೂರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸದೆ ಮುಂದಿನ ಬಳ್ಳಿಗೆ ತಾಗಿಸಬೇಡಿ.

ಮೇಲಿನ ಬ್ಲಾಕಿಗೆ ಬರುತ್ತೇನೆ. ಮಳೆ ನಿಂತ ಮೇಲೆ ನಿಧಾನಕ್ಕೆ ಹಳದಿಯಾಗುತ್ತಾ ಬರುವುದು ಹೆಚ್ಚಾಗಿ ನಿಧಾನ ಸೊರಗು ರೋಗದ ಲಕ್ಷಣ. ಇಲ್ಲಿ ಮುಖ್ಯ ಕಳ್ಳ ಜಂತುಹುಳು. ಇಂಗ್ಲಿಷಿನವರು ನೆಮಟೋಡ್ ಅನ್ನುತ್ತಾರೆ, ಬರಿಗಣ್ಣಿಗೆ ಕಾಣುವುದಿಲ್ಲ. ಒಂದು ಜಾತಿ ಬೇರಿನೊಳಗೆ ಕೊರೆದು ಸಾಗುತ್ತದೆ, ಇನ್ನೊಂದು ಬೇರಿನಲ್ಲಿ ಗಂಟು ಕಟ್ಟಿಸುತ್ತದೆ. ಹುಳು ಕಚ್ಚಿದ ಗಾಯದಿಂದ ಶಿಲೀಂಧ್ರವೂ ಒಳಗೆ ನುಗ್ಗುತ್ತದೆ. ಇಂಥ ಬಳ್ಳಿ ಮುಂದಿನ ಮಳೆಗೆ ಚಿಗುರಿ ಚೇತರಿಸಿದಂತೆ ಕಾಣುತ್ತದೆ, ಮತ್ತೆ ಬೇಸಗೆಗೆ ಹಳದಿ. ಹೀಗೆ ಎರಡು ಮೂರು ವರ್ಷ ಎಳೆದಾಡಿ ಸಾಯುತ್ತದೆ. ಬುಡದಿಂದ ಒಂದು ಅಡಿ ದೂರದಲ್ಲಿ ಒಂದು ಹಿಡಿ ಸಣ್ಣ ಬೇರು ತೆಗೆದು ಬಕೆಟ್ ನೀರಿನಲ್ಲಿ ತೊಳೆಯಿರಿ. ಮಣಿ ಪೋಣಿಸಿದಂತೆ ಗಂಟುಗಳಿದ್ದರೆ ಅನುಮಾನವೇ ಬೇಡ. ಗಂಟಿಲ್ಲದಿದ್ದರೂ ಬೇರಿನಲ್ಲಿ ಉದ್ದುದ್ದ ಕಂದು ಗಾಯಗಳಿದ್ದು ಸಣ್ಣ ಬೇರುಗಳೇ ಇಲ್ಲವಾಗಿದ್ದರೆ ಮಾದರಿಯನ್ನು ಪರೀಕ್ಷೆಗೆ ಕೊಡಿ. ಈ ಬಳ್ಳಿಗಳಿಗೆ ಮೈಲುತುತ್ತ (ಕಾಪರ್ ಸಲ್ಫೇಟ್) ಹುಯ್ದು ಏನೂ ಪ್ರಯೋಜನವಿಲ್ಲ. ಬೇವಿನ ಹಿಂಡಿ ಒಂದು ಕೆ.ಜಿ., ಚೆನ್ನಾಗಿ ಕಳಿತ ಗೊಬ್ಬರ, ಜೊತೆಗೆ ಪರೀಕ್ಷೆಯಲ್ಲಿ ಹುಳು ಕಂಡರೆ ಮಾತ್ರ ಹುಳುವಿನ ಔಷಧಿ.

ಶುಂಠಿಗೂ ಒಂದು ಸುಲಭ ಪರೀಕ್ಷೆ ಇದೆ. ಹಳದಿಯಾದ ಗಿಡದ ಬುಡವನ್ನು ಎರಡು ಇಂಚು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ಅಲ್ಲಾಡಿಸದೆ ಮೇಲಿನಿಂದ ಇಳಿಬಿಡಿ. ಕತ್ತರಿಸಿದ ಜಾಗದಿಂದ ಹೊಗೆಯಂತೆ ಬಿಳಿ ಹಾಲು ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು. ಅದಕ್ಕೆ ಶಿಲೀಂಧ್ರದ ಯಾವ ಔಷಧಿಯೂ ಆಗುವುದಿಲ್ಲ. ನೀರು ತಿಳಿಯಾಗಿಯೇ ಉಳಿದು, ಗಿಡ ಎಳೆದರೆ ಬುಡದಲ್ಲೇ ಸಲೀಸಾಗಿ ಕಿತ್ತುಬಂದು, ಗೆಡ್ಡೆ ಒತ್ತಿದರೆ ಪಿಚಕ್ಕೆಂದರೆ ಪಿಥಿಯಂ ಕೊಳೆ. ನಿಮ್ಮ ಶುಂಠಿ ಈಗಾಗಲೇ ಹೋಗಿದೆ, ಈಗ ಪತ್ತೆ ಮಾಡುವುದು ಕಷ್ಟ. ಮುಂದಿನ ಸಲ ಮೊದಲ ಗಿಡ ಹಳದಿಯಾದ ದಿನವೇ ಲೋಟ ಹಿಡಿದು ಕೂರಿ.

ಈಗ ಏನು ಮಾಡಬೇಕು? ನೀವು ಕೇಳಿದ್ದು ಔಷಧಿ. ನಾನು ಮೊದಲು ಹೇಳುವುದು ನೀರು. ಈಜಿ ಬರುವ ಶತ್ರುವಿಗೆ ಈಜಲು ನೀರು ಕೊಡದಿರುವುದೇ ಅರ್ಧ ಕೆಲಸ. ಮಳೆಯನ್ನು ನಿಲ್ಲಿಸಲು ಯಾರಿಂದಲೂ ಆಗದು, ಮಡಿಕೇರಿ, ಭಾಗಮಂಡಲದ ಕಡೆ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಸುರಿಯುತ್ತದೆ. ಆದರೆ ಬಿದ್ದ ನೀರು ಬಳ್ಳಿಯ ಬುಡದಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ. 2018ರ ಆಗಸ್ಟಿನ ಮಹಾಮಳೆಯ ಮುಂದಿನ ವರ್ಷ ತೋಟ ತೋಟ ಸುತ್ತಿದ್ದೆ. ಒಂದೇ ಬೇಲಿಯ ಆಚೆ ಈಚೆ, ಒಂದೇ ಮಳೆ, ಒಂದೇ ತಳಿ. ಒಂದು ಕಡೆ ಸಾಲು ಸಾಲು ಒಣಗಿದ ಬಳ್ಳಿ, ಇನ್ನೊಂದು ಕಡೆ ಅಲ್ಲೊಂದು ಇಲ್ಲೊಂದು. ಬಳ್ಳಿ ಉಳಿದ ತೋಟದಲ್ಲಿ ಮೇ ತಿಂಗಳಲ್ಲೇ ಚರಂಡಿಯ ಹೂಳು ತೆಗೆದಿದ್ದರು, ಅಷ್ಟೇ ವ್ಯತ್ಯಾಸ.

ನಿಮ್ಮ ತೋಡಿನ ಪಕ್ಕದ ಜಾಗದಲ್ಲಿ ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ನಿಂತು ನೋಡಿ. ಮೇಲಿನ ಬ್ಲಾಕಿನ ನೀರು ಎಲ್ಲಿಂದ ಇಳಿದು ಬರುತ್ತದೆ, ಯಾವ ಬಳ್ಳಿಯ ಬುಡ ತೊಳೆದು ಯಾವ ಬಳ್ಳಿಗೆ ಹೋಗುತ್ತದೆ ಎಂದು ಒಂದು ಹಾಳೆಯಲ್ಲಿ ಗೀಟು ಹಾಕಿಕೊಳ್ಳಿ. ಸತ್ತ ನಲವತ್ತು ಬಳ್ಳಿಗಳು ಆ ಗೀಟಿನ ಮೇಲೆಯೇ ಇರುತ್ತವೆ ಅನ್ನುವುದು ನನ್ನ ಊಹೆ. ಆ ಜಾಗದ ಮೇಲ್ಭಾಗದಲ್ಲಿ ಇಳಿಜಾರಿಗೆ ಅಡ್ಡವಾಗಿ ಒಂದು ಚರಂಡಿ ತೆಗೆದು ನೀರನ್ನು ನೇರ ತೋಡಿಗೆ ತಿರುಗಿಸಿ. ಮಳೆನೀರು ಇಂಗಲೆಂದು ಕಾಫಿ ಸಾಲಿನ ನಡುವೆ ತೆಗೆಯುವ ತೊಟ್ಟಿಲು ಗುಂಡಿಗಳು ಕಾಫಿಗೆ ಒಳ್ಳೆಯವೇ, ಬೇಡ ಅನ್ನುವುದಿಲ್ಲ. ಆದರೆ ತಗ್ಗಿನಲ್ಲಿ, ಸಿಲ್ವರ್ ಮರದ ಬುಡಕ್ಕೆ ತಾಗಿಕೊಂಡು ಇದ್ದರೆ ಅವು ಫೈಟಾಫ್ತೊರಾದ ಈಜುಕೊಳಗಳೇ. ಅಂಥವನ್ನು ಮುಚ್ಚಿಸಿ. ಬಳ್ಳಿಯ ಬುಡಕ್ಕೆ ಮಣ್ಣು ಏರಿಸಿ ದಿಬ್ಬ ಮಾಡಿ, ಸುತ್ತ ಬಟ್ಟಲಿನಂತೆ ತಗ್ಗು ಉಳಿಯಬಾರದು.

ಹಬ್ಬು ಬಳ್ಳಿಗಳನ್ನು ಮಳೆಗೆ ಮುಂಚೆ ಕತ್ತರಿಸಿ ತೆಗೆಯಿರಿ, ಇಲ್ಲವೇ ಎತ್ತಿ ಮರಕ್ಕೆ ಕಟ್ಟಿ. ನೆಲದಿಂದ ಮೇಲಕ್ಕೆ ರೋಗ ಹತ್ತುವ ಏಣಿ ಅದೇ. ಮರಗಸಿ ಸರಿಯಾದ ಹೊತ್ತಿಗೆ ಆಗಬೇಕು. ಮೇ ಮುಗಿಯುವ ಮೊದಲು ಕೊಂಬೆ ಇಳಿಸಿ ಬೆಳಕು ಗಾಳಿ ಆಡುವಂತೆ ಮಾಡಿದರೆ ಎಲೆ ಬೇಗ ಒಣಗುತ್ತದೆ. ಆಳು ಸಿಗಲಿಲ್ಲ ಅಂತ ಜುಲೈಗೆ ದೂಡಿದರೆ ಬೆಳಕು ಬೇಕಾದ ಹೊತ್ತಿಗೆ ನೆರಳು, ನೆರಳು ಬೇಕಾದ ಹೊತ್ತಿಗೆ ಬಿಸಿಲು. ಮಳೆಗಾಲದಲ್ಲಿ ಬುಡದ ಹತ್ತಿರ ಗುದ್ದಲಿ ಹಾಕಿಸಬೇಡಿ. ಕಳೆಯನ್ನು ಕತ್ತಿಯಿಂದ ಕೊಚ್ಚಿಸಿದರೆ ಸಾಕು. ಗುದ್ದಲಿ ತಾಗಿದ ಬೇರು ಬಾಗಿಲು ತೆರೆದಿಟ್ಟ ಮನೆ. ಬುಡದಲ್ಲಿ ಸಿಲ್ವರ್ ಎಲೆಯ ತರಗು ಒಂದು ಪದರ ಇರಲಿ. ಮಳೆಹನಿ ಬಿದ್ದು ಮಣ್ಣು ಸಿಡಿಯುವುದು ಅದರಿಂದ ತಪ್ಪುತ್ತದೆ. ತರಗು ಕಾಂಡಕ್ಕೇ ಒತ್ತಿಕೊಂಡಿರಬಾರದು, ಒಂದು ಗೇಣು ಬಿಟ್ಟು ಹರಡಿ.

ಸತ್ತ ನಲವತ್ತು ಬಳ್ಳಿಗಳು ಇನ್ನೂ ಮರದ ಮೇಲೇ ಇವೆಯಾ? ಇದ್ದರೆ ಈ ಬಿಸಿಲಿನಲ್ಲೇ ಬೇರು ಸಮೇತ ಕೀಳಿಸಿ ಸುಡಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ತೋಡಿಗಂತೂ ಎಸೆಯಲೇಬೇಡಿ. ಒಂದು ತೋಟದಲ್ಲಿ ಆಳುಗಳು ಸತ್ತ ಬಳ್ಳಿಗಳನ್ನೆಲ್ಲ ಹೊತ್ತು ತೋಡಿಗೆ ಹಾಕುವುದನ್ನು ನೋಡಿದ್ದೇನೆ. ಕೆಳಗಿನ ತೋಟದವರು ಅದೇ ತೋಡಿನಿಂದ ಪಂಪು ಇಟ್ಟು, ಕಾಫಿ ಹೂ ಬಿಡಿಸುವ ಬೇಸಗೆಯ ಹೂಮಳೆ ಬಾರದ ವರ್ಷ ಸ್ಪ್ರಿಂಕ್ಲರ್ ಓಡಿಸುತ್ತಿದ್ದರು. ಮುಂದಿನದ್ದು ನಿಮಗೆ ಹೇಳಬೇಕಾಗಿಲ್ಲ.

ಔಷಧಿ. ಮೊದಲನೆಯದು ಹಳೆಯ ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋದಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ದ್ರಾಕ್ಷಿಗೆಂದು ಹೇಳಿಕೊಟ್ಟದ್ದು. ನಮ್ಮ ಕಡೆ ಅಡಿಕೆ ಕೊಳೆರೋಗಕ್ಕೆ ಇದನ್ನು ಪಳಗಿಸಿದವರು ಆಗಿನ ಮೈಸೂರು ಸರ್ಕಾರದಲ್ಲಿದ್ದ ಲೆಸ್ಲಿ ಕೋಲ್ಮನ್, 1910ರ ಸುಮಾರಿಗೆ. ನೂರು ವರ್ಷ ದಾಟಿದರೂ ಇದಕ್ಕೆ ಫೈಟಾಫ್ತೊರಾ ಒಗ್ಗಿಕೊಂಡಿಲ್ಲ. ಅದಕ್ಕೇ ನನಗೆ ಇದರ ಮೇಲೆ ಒಂದಿಷ್ಟು ಪಕ್ಷಪಾತ ಇದೆ.

ಶೇ. 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಟ್ಟ ಸುಣ್ಣ. ಮೈಲುತುತ್ತವನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 50 ಲೀಟರಿಗೆ ಕರಗಿಸಿ. ಕಬ್ಬಿಣದ ಪಾತ್ರೆ ಬೇಡ. ಸುಣ್ಣವನ್ನು ಬೇರೆ ಡ್ರಮ್ಮಿನಲ್ಲಿ ಅರಳಿಸಿ, ಸೋಸಿ, ಅದನ್ನೂ 50 ಲೀಟರ್ ಮಾಡಿ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹುಯ್ಯುತ್ತಾ ಕೋಲಿನಲ್ಲಿ ಕದಡುತ್ತಾ ಇರಿ. ಉಲ್ಟಾ ಮಾಡಬಾರದು. ಆಕಾಶದಂಥ ತಿಳಿನೀಲಿ ಬಣ್ಣ ಬರಬೇಕು. ಹೊಳೆಯುವ ಚೂರಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರದ ಕಲೆ ಕೂತರೆ ಸುಣ್ಣ ಸಾಲದು ಅಂತ, ಇನ್ನಷ್ಟು ಸೇರಿಸಿ. ಇಲ್ಲವಾದರೆ ಎಲೆ ಸುಡುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಗಾಳಿಗೆ ಬಿಟ್ಟು ಹಳಸಿದ ಸುಣ್ಣದಲ್ಲಿ ದ್ರಾವಣ ಮಾಡಿಸಿ, ಚೂರಿ ಅದ್ದುವ ಗೋಜಿಗೂ ಹೋಗದೆ ಅರ್ಧ ಎಕರೆಗೆ ಹೊಡೆಸಿದ್ದೆ. ಎಳೆ ಚಿಗುರೆಲ್ಲ ಸುಟ್ಟು ಕಂದಾಯಿತು. ಆ ತೋಟದ ಯಜಮಾನರು ಒಂದು ಮಾತೂ ಬೈಯಲಿಲ್ಲ, ಕಾಫಿ ಕೊಟ್ಟು ಕಳಿಸಿದರು. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ. ಅಂದಿನಿಂದ ಚೂರಿ ಅದ್ದದೆ ಪಂಪು ಹೊರಿಸುವುದಿಲ್ಲ. ಮಾಡಿದ ದ್ರಾವಣವನ್ನು ಅದೇ ದಿನ ಮುಗಿಸಿ, ನಾಳೆಗೆ ಇಡಬೇಡಿ.

ಮೇ ಕೊನೆ, ಜೂನ್ ಮೊದಲ ವಾರದೊಳಗೆ, ಮುಂಗಾರು ಹಿಡಿಯುವ ಮೊದಲು ಇದನ್ನು ಎಲೆಗಳ ಎರಡೂ ಬದಿಗೆ, ಕಾಂಡಕ್ಕೆ ಸಿಂಪಡಿಸಬೇಕು. ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್, ಲೀಟರಿಗೆ 2 ಗ್ರಾಂ, ಬಳ್ಳಿಯ ಗಾತ್ರ ನೋಡಿ 5ರಿಂದ 10 ಲೀಟರ್. ಮಗ್ಗಿನಲ್ಲಿ ಒಂದು ಎರಚು ಎರಚಿ ಹೋದರೆ ಲೆಕ್ಕಕ್ಕಿಲ್ಲ, ಬೇರಿನವರೆಗೆ ಇಳಿಯಬೇಕು. ಎರಡನೇ ಸಲ ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ. ಕೈಲ್ ಪೊಳ್ದ್ ಹಬ್ಬ ಮುಗಿಸಿಕೊಂಡು, ಮಳೆ ಎರಡು ದಿನ ಬಿಡುವು ಕೊಟ್ಟಾಗ ಮಾಡಿ. ಮಳೆ ಎಳೆದುಕೊಂಡು ಹೋದ ವರ್ಷ ಅಕ್ಟೋಬರಿನಲ್ಲಿ ಮೂರನೆಯದ್ದೂ ಬೇಕಾಗುತ್ತದೆ.

ಬೋರ್ಡೋ ಮಾಡುವ ತಾಪತ್ರಯ ಬೇಡ ಅನ್ನುವವರಿಗೆ ಪೊಟ್ಯಾಷಿಯಂ ಫಾಸ್ಫೊನೇಟ್ ಇದೆ, ಲೀಟರಿಗೆ 3 ಮಿ.ಲೀ. ಎಲೆಗೆ ಹೊಡೆದರೂ ಬೇರಿಗೆ ಇಳಿಯುವ ಗುಣ ಇದಕ್ಕಿದೆ. ಬಳ್ಳಿಯ ಸ್ವಂತ ಪ್ರತಿರೋಧವನ್ನೂ ಎಬ್ಬಿಸುತ್ತದೆ. ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಸೇರಿದ ಪುಡಿ, ಲೀಟರಿಗೆ 1.25 ಗ್ರಾಂ, ಇದು ರೋಗ ಶುರುವಾದ ಕಡೆ ಬಳಸುವ ಅಸ್ತ್ರ. ಎಲೆಯಲ್ಲಿ ಮಚ್ಚೆ ಕಂಡ ಬಳ್ಳಿಗಳಿಗೂ ಅವುಗಳ ಅಕ್ಕಪಕ್ಕದವಕ್ಕೂ ಎಲೆಗೆ ಸಿಂಪಡಿಸಿ, ಬುಡಕ್ಕೂ ಹುಯ್ಯಿರಿ. ಇದನ್ನೇ ವರ್ಷ ವರ್ಷ ಇಡೀ ತೋಟಕ್ಕೆ ಹೊಡೆಯುತ್ತಾ ಹೋದರೆ ರೋಗ ಇದಕ್ಕೆ ಒಗ್ಗಿಕೊಳ್ಳುತ್ತದೆ. ಡಬ್ಬಿಯ ಮೇಲಿನ ಚೀಟಿ ಓದಿ, ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅನ್ನುವುದನ್ನೂ ನೋಡಿ. ಹೊರದೇಶದ ಖರೀದಿದಾರರು ಈಗ ಕಾಳಿನಲ್ಲಿ ಔಷಧಿಯ ಅಂಶ ಪರೀಕ್ಷೆ ಮಾಡಿಯೇ ತಗೊಳ್ಳುವುದು. ಸಿಂಪಡಿಸುವ ಆಳುಗಳಿಗೆ ಕೈಗವಸು, ಮಾಸ್ಕ್ ಕೊಡಿಸಿ. ಕೊಡಿಸಿದರೆ ಸಾಲದು, ಹಾಕಿಕೊಂಡರಾ ಅಂತ ನಿಂತು ನೋಡಬೇಕು.

ಟ್ರೈಕೋಡರ್ಮಾ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಸರಿಯಾದ ವಸ್ತುವನ್ನು ತಪ್ಪು ದಿನ ಹಾಕಿ ಕೆಟ್ಟ ಹೆಸರು ಬಂದದ್ದು ಅದಕ್ಕೇ. ಟ್ರೈಕೋಡರ್ಮಾ ಔಷಧಿಯಲ್ಲ, ಜೀವ ಇರುವ ಒಳ್ಳೆಯ ಶಿಲೀಂಧ್ರ. ಬೇರಿನ ಸುತ್ತ ಜಾಗ ಹಿಡಿದು ಕೂತು, ಕೆಟ್ಟದ್ದನ್ನು ಸುತ್ತಿಕೊಂಡು ತಿನ್ನುತ್ತದೆ. ನೀವು ತಾಮ್ರ ಹುಯ್ದು ಮೂರೇ ದಿನಕ್ಕೆ ಅದನ್ನು ಹಾಕಿದಿರಿ. ವಿಷ ಹಾಕಿದ ಕೆರೆಗೆ ಮೀನಿನ ಮರಿ ಬಿಟ್ಟ ಹಾಗಾಯಿತು. ಅದಕ್ಕೂ ಮೊದಲು ಹುಯ್ದ ಕಾರ್ಬೆಂಡಜಿಮ್ ಫೈಟಾಫ್ತೊರಾಕ್ಕೆ ಏನೂ ಮಾಡದಿದ್ದರೂ ಟ್ರೈಕೋಡರ್ಮಾವನ್ನು ಮಾತ್ರ ಚೆನ್ನಾಗಿ ಕೊಲ್ಲುತ್ತದೆ. ಬುಡಕ್ಕೆ ತಾಮ್ರ ಹುಯ್ದರೆ ಕನಿಷ್ಠ 15 ದಿನ ಬಿಡಿ. ನಾನಂತೂ ಮೂರು ವಾರ ಬಿಡಿಸುತ್ತೇನೆ. ಪೊಟ್ಯಾಷಿಯಂ ಫಾಸ್ಫೊನೇಟ್ ಮಾತ್ರ ಇದಕ್ಕೆ ತೊಂದರೆ ಕೊಡುವುದಿಲ್ಲ, ಎರಡೂ ಜೊತೆಗೆ ಹೊಂದಿಕೊಳ್ಳುತ್ತವೆ.

ಇದರ ಮೇಲೆ ನಿಮ್ಮ ತೋಟಕ್ಕೆ ನನ್ನ ಲೆಕ್ಕ ಹೀಗೆ. ತೋಡಿನ ಪಕ್ಕ ಮತ್ತು ಅದಕ್ಕೆ ತಾಗಿದ ಎರಡು ಮೂರು ಸಾಲಿಗೆ ಈ ವರ್ಷ ಬೋರ್ಡೋ ಮತ್ತು ತಾಮ್ರದ ದಾರಿ. ರೋಗವಿಲ್ಲದ ಉಳಿದ ಭಾಗಕ್ಕೆ ಪೊಟ್ಯಾಷಿಯಂ ಫಾಸ್ಫೊನೇಟ್ ಜೊತೆ ಟ್ರೈಕೋಡರ್ಮಾ. ಈ ಎರಡು ದಾರಿಗಳನ್ನೂ ಒಂದೇ ಬಳ್ಳಿಗೆ ಬೆರೆಸಲು ಹೋಗಬೇಡಿ, ಆಳುಗಳಿಗೆ ತಾರೀಖಿನ ಗೊಂದಲ ಆಗುತ್ತದೆ. ಬೇಕಿದ್ದರೆ ಎರಡು ಭಾಗದ ಮರಗಳಿಗೆ ಬೇರೆ ಬೇರೆ ಬಣ್ಣದ ಪಟ್ಟಿ ಬಳಿಸಿ.

ಟ್ರೈಕೋಡರ್ಮಾ ಪ್ಯಾಕೆಟ್ ತಂದು ಒಣ ಪುಡಿಯನ್ನು ಹಾಗೇ ಸುಮ್ನೆ ಉದುರಿಸಬೇಡಿ. ಏಪ್ರಿಲ್ ಕೊನೆಗೆ 90 ಕೆ.ಜಿ. ಕಳಿತ ಸಗಣಿ ಗೊಬ್ಬರ, 10 ಕೆ.ಜಿ. ಬೇವಿನ ಹಿಂಡಿಗೆ ಒಂದೆರಡು ಕೆ.ಜಿ. ಟ್ರೈಕೋಡರ್ಮಾ ಬೆರೆಸಿ. ಮುಷ್ಟಿ ಕಟ್ಟಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು, ಅಷ್ಟೇ ತೇವ ಇರಲಿ. ನೆರಳಿನಲ್ಲಿ ಗುಡ್ಡೆ ಹಾಕಿ ಒದ್ದೆ ಗೋಣಿ ಮುಚ್ಚಿ. ವಾರಕ್ಕೊಮ್ಮೆ ತಿರುವಿ ಹಾಕಿದರೆ 15 ದಿನದಲ್ಲಿ ಗುಡ್ಡೆಯ ತುಂಬ ಹಸಿರು ಪುಡಿ ಕಾಣುತ್ತದೆ. ಆ ಹಸಿರೇ ಟ್ರೈಕೋಡರ್ಮಾ. ಹೊಸ ಮಳೆ ಬಿದ್ದು ಮಣ್ಣು ತೇವವಾದ ಮೇಲೆ ಬಳ್ಳಿಗೆ ಒಂದೆರಡು ಕೆ.ಜಿ. ಹಾಕಿ ಮಣ್ಣು ಮುಚ್ಚಿ. ಒಣ ಮಣ್ಣಿಗೆ ಹಾಕಿದರೆ ಸಾಯುತ್ತದೆ. ಪ್ಯಾಕೆಟ್ ಕೊಳ್ಳುವಾಗ ತಯಾರಾದ ತಾರೀಖು ನೋಡಿ. ಅಂಗಡಿಯ ತಗಡಿನ ಶೀಟಿನ ಕೆಳಗೆ ವರ್ಷವಿಡೀ ಬೆಂದ ಪ್ಯಾಕೆಟ್ಟಿನಲ್ಲಿ ಇರುವುದು ಬರೀ ಸುದ್ದೆ ಪುಡಿ.

ಸುಣ್ಣದ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಮಣ್ಣು ಹುಳಿ, ಮಳೆ ತೊಳೆದು ತೊಳೆದು ಇನ್ನೂ ಹುಳಿಯಾಗುತ್ತದೆ. ಹೂಮಳೆ ಬಿದ್ದ ಮೇಲೆ, ಏಪ್ರಿಲ್ ಮೇ ಒಳಗೆ ಬಳ್ಳಿಗೆ ಅರ್ಧ ಕೆ.ಜಿ. ಸುಣ್ಣ, ಎರಡು ವರ್ಷಕ್ಕೊಮ್ಮೆ. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅದರ ಪ್ರಕಾರ ಹಾಕಿ. ಗೊಬ್ಬರ, ಟ್ರೈಕೋಡರ್ಮಾ ಹಾಕುವುದಕ್ಕೂ ಸುಣ್ಣಕ್ಕೂ ನಡುವೆ ಒಂದು ತಿಂಗಳು ಇರಲಿ.

ಅದೇ ಗುಂಡಿಗೆ ಈ ಜೂನಿನಲ್ಲಿ ನೆಡಬಹುದಾ? ಬೇಡ. ರೋಗದ ಬೀಜಾಣು ಕೊಳೆತ ಬೇರಿನ ಚೂರುಗಳಲ್ಲಿ ಒಂದು ವರ್ಷಕ್ಕೂ ಮೀರಿ ಬದುಕಿರುತ್ತದೆ. ಈ ವರ್ಷ ಗುಂಡಿ ತೆರೆದು ಬೇರೆಲ್ಲ ಹೆಕ್ಕಿ ಬಿಸಿಲಿಗೆ ಬಿಡಿ, ಚರಂಡಿ ತೆಗೆಯಿರಿ, ಮುಂದಿನ ವರ್ಷ ನೆಡಿ. ನಲವತ್ತು ಮರ ಒಂದು ವರ್ಷ ಖಾಲಿ ನಿಲ್ಲುವುದು ಕಣ್ಣಿಗೆ ಕಷ್ಟವೇ. ಆದರೆ ಈ ಜೂನಿನಲ್ಲಿ ನೆಟ್ಟು ಮೂರನೇ ವರ್ಷ ಕಾಯಿ ಬಿಡುವ ಹೊತ್ತಿಗೆ ಕಳೆದುಕೊಂಡರೆ ಇನ್ನೂ ಕಷ್ಟ. ನೆಡುವಾಗ ಮರದ ಬುಡದಿಂದ ಒಂದು ಅಡಿ ದೂರ, ಉತ್ತರ ಅಥವಾ ಈಶಾನ್ಯ ದಿಕ್ಕಿಗೆ ನೆಡಿ.

ಗಿಡ ಎಲ್ಲಿಂದ ತರುತ್ತೀರಿ ಅನ್ನುವುದು ಎಲ್ಲಕ್ಕಿಂತ ಮುಖ್ಯ. ಎಷ್ಟೋ ತೋಟಗಳಿಗೆ ಈ ರೋಗ ಬಂದದ್ದು ಪ್ಲಾಸ್ಟಿಕ್ ಚೀಲದ ಮಣ್ಣಿನಲ್ಲಿ ಕೂತುಕೊಂಡು, ಜೀಪಿನಲ್ಲಿ. ಸಾಧ್ಯವಾದರೆ ನಿಮ್ಮದೇ ಮೇಲಿನ ಜಾಗದ ಅತ್ಯಂತ ಆರೋಗ್ಯದ ಬಳ್ಳಿಯಿಂದ ಹಬ್ಬು ಬಳ್ಳಿ ತೆಗೆದು ಫೆಬ್ರವರಿ ಮಾರ್ಚಿನಲ್ಲಿ ನೀವೇ ಸಸಿ ಮಾಡಿ. ಚೀಲಕ್ಕೆ ತುಂಬುವ ಮಣ್ಣನ್ನು ಮೊದಲು ತೇವ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಿಸಿಲಲ್ಲಿ 40-45 ದಿನ ಬೇಯಿಸಿ. ಕಪ್ಪು ಹಾಳೆ ಬೇಡ, ಬೆಳಕು ಒಳಗೆ ಹೋಗಬೇಕು.

ತಳಿಯ ಮಾತು. ಪಣಿಯೂರು-1 ಇಳುವರಿಗೆ ರಾಜ, ಆದರೆ ಈ ರೋಗಕ್ಕೆ ಸುಲಭದ ತುತ್ತು. ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಶಕ್ತಿ, ತೇವಂ ತಳಿಗಳು ಇದನ್ನು ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತವೆ. ತಡೆದುಕೊಳ್ಳುತ್ತವೆ ಅಂದರೆ ಬರುವುದೇ ಇಲ್ಲ ಅಂತಲ್ಲ. ತೋಡಿನ ಪಕ್ಕಕ್ಕೆ ಇವನ್ನು ಹಾಕಿ, ಪಣಿಯೂರನ್ನು ನೀರು ನಿಲ್ಲದ ಎತ್ತರದ ಜಾಗಕ್ಕೆ ಇಟ್ಟುಕೊಳ್ಳಿ. ಕಾಡುಮೆಣಸಿನ ಜಾತಿಯಾದ ಪೈಪರ್ ಕೊಲುಬ್ರಿನಂ ಮೇಲೆ ಕಸಿ ಮಾಡಿದ ಗಿಡವನ್ನೂ ಈಗ ಮಾರುತ್ತಾರೆ. ಅದರ ಬೇರಿಗೆ ಫೈಟಾಫ್ತೊರಾ ನಾಟುವುದಿಲ್ಲ ಅನ್ನುವುದು ನಿಜ. ಆದರೆ ಅದು ಮೂಲತಃ ನೀರಿನಂಚಿನ ಗಿಡ, ಬೇಸಗೆಯಲ್ಲಿ ನೀರು ಕೊಡದಿದ್ದರೆ ಒಣಗುತ್ತದೆ. ಕೆಲವು ವರ್ಷಗಳ ಮೇಲೆ ಕಸಿಯ ಗಂಟೇ ಬಿಟ್ಟುಕೊಳ್ಳುವುದೂ ಉಂಟು. ತೋಡಿನ ಪಕ್ಕ ನೀರಿನ ಅನುಕೂಲ ಇದೆಯಲ್ಲ, ಐದಾರು ಗಿಡ ಹಾಕಿ ನೋಡಿ. ನಲವತ್ತನ್ನೂ ಅದೇ ಹಾಕಬೇಡಿ.

ಗದ್ದೆಯ ಶುಂಠಿಗೆ ಚಿಕ್ಕದಾಗಿ ಹೇಳುತ್ತೇನೆ. ಕೊಳೆತ ಗದ್ದೆಗೆ ಮುಂದಿನ ವರ್ಷ ಶುಂಠಿ ಬೇಡವೇ ಬೇಡ. ಭತ್ತ ನಾಟಿ ಮಾಡಿ. ಒಂದೆರಡು ವರ್ಷ ಬಿಟ್ಟು ಮತ್ತೆ ಶುಂಠಿ ಹಾಕುವುದಾದರೆ ರೋಗವಿಲ್ಲದ ಗದ್ದೆಯ ಬಿತ್ತನೆ ಗೆಡ್ಡೆ ತನ್ನಿ. ಲೀಟರಿಗೆ 3 ಗ್ರಾಂ ಮ್ಯಾಂಕೋಜೆಬ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿ, ನೆರಳಲ್ಲಿ ಒಣಗಿಸಿ ನೆಡಿ. ಮಡಿ ಎತ್ತರಿಸಿ, ಕಾಲುವೆ ಆಳ ಮಾಡಿ. ಕೊಳೆತ ಗದ್ದೆಯ ಗೆಡ್ಡೆಯನ್ನೇ ಆರಿಸಿ ಬಿತ್ತನೆಗೆ ಇಡುವವರೂ ಇದ್ದಾರೆ. ಲಾಭ ಅಂದುಕೊಂಡು ರೋಗವನ್ನೇ ಗೋಣಿಯಲ್ಲಿ ಕಟ್ಟಿಟ್ಟ ಹಾಗೆ.

ಕಾಫಿಯ ಬೇರುರೋಗಗಳು ಹೆಚ್ಚಾಗಿ ಹರಡುವುದು ನೆರಳಿನ ಮರ ಕಡಿದು ಬಿಟ್ಟ ಕುತ್ತಿಗಳಿಂದ. ಒಂದು ಗಿಡ ಒಣಗಿ, ಪಕ್ಕದ್ದು ಒಣಗಿ, ಹಾಗೇ ಸುತ್ತು ದೊಡ್ಡದಾಗುತ್ತಾ ಹೋದರೆ ಅದು. ಒಣಗಿದ ಗಿಡದ ಬೇರು ಕಿತ್ತು ನೋಡಿ. ಮಣ್ಣು, ಕಲ್ಲು ಬೇರಿಗೆ ಅಂಟಿನಂತೆ ಕಚ್ಚಿಕೊಂಡು ತೊಳೆದರೂ ಬಿಡದಿದ್ದರೆ ಕಂದು ಬೇರುರೋಗ. ಕುತ್ತಿ, ಬೇರು ಎಲ್ಲ ಅಗೆದು ಸುಟ್ಟು, ಸುತ್ತ ಕಂದಕ ತೆಗೆದು, ಸುಣ್ಣ ಹಾಕಿ ಆ ಜಾಗವನ್ನು ಕೆಲವು ತಿಂಗಳು ಖಾಲಿ ಬಿಡಬೇಕು. ನಿಮ್ಮ ಪತ್ರದಲ್ಲಿ ಅಂಥ ಲಕ್ಷಣ ಏನೂ ಇಲ್ಲ.

ಈ ತಿಂಗಳೇ ಮಾಡಬೇಕಾದ್ದು ಒಂದಿದೆ. ಮೇಲಿನ ಬ್ಲಾಕಿನಲ್ಲಿ ಹಳದಿಯಾದ ಮೂರು ಬಳ್ಳಿ, ಪಕ್ಕದಲ್ಲಿ ಚೆನ್ನಾಗಿರುವ ಒಂದು ಬಳ್ಳಿ, ಇಷ್ಟರ ಸಣ್ಣ ಬೇರನ್ನು ಸುತ್ತಲಿನ ಅರ್ಧ ಕೆ.ಜಿ. ಮಣ್ಣಿನ ಸಮೇತ ಬೇರೆ ಬೇರೆ ಪ್ಲಾಸ್ಟಿಕ್ ಕವರಿಗೆ ಹಾಕಿ. ಬೇರು ಒಣಗಬಾರದು, ಕವರನ್ನು ಬಿಸಿಲಿನಲ್ಲಿ ಅಥವಾ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಪೆನ್ಸಿಲಿನಲ್ಲಿ ಚೀಟಿ ಬರೆದು ಹಾಕಿ, ಪೆನ್ನಿನ ಶಾಯಿ ತೇವಕ್ಕೆ ಅಳಿಸಿಹೋಗುತ್ತದೆ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರವೋ, ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರವೋ, ಅಪ್ಪಂಗಳದ ಸಾಂಬಾರ ಬೆಳೆಗಳ ಸಂಶೋಧನಾ ಕೇಂದ್ರವೋ, ನಿಮಗೆ ಹತ್ತಿರವಾದ ಕಡೆ ಅದೇ ದಿನ ಇಲ್ಲವೇ ಮರುದಿನ ಮುಟ್ಟಿಸಿ. ಕಳೆದ ವರ್ಷ ಯಾವ ತಿಂಗಳು ಏನು ಹುಯ್ದಿರಿ ಅನ್ನುವುದನ್ನೂ ಒಂದು ಹಾಳೆಯಲ್ಲಿ ಬರೆದು ಜೊತೆಗೆ ಕೊಡಿ. ಫಲಿತಾಂಶ ಬರುವವರೆಗೆ ಆ ಬ್ಲಾಕಿಗೆ ಏನನ್ನೂ ಹುಯ್ಯಬೇಡಿ.